ಸೆಸ್ನಾ 172 ತರಬೇತಿ ವಿಮಾನದ ಸೀಟಿನಲ್ಲಿ ಕುಳ್ಳಗಿನವರಿಗೆ ಮುಂದೆ ಕಾಣುವಂತೆ ಮಾಡುವುದು ಹೇಗೆ? ಪ್ರಶ್ನೋತ್ತರ

ಪ್ರಶ್ನೆ, ತರಬೇತಿಯ ವಿದ್ಯಾರ್ಥಿನಿ: ನನ್ನ ಎತ್ತರ 4 ಅಡಿ 11 ಇಂಚು. ಸೀಟನ್ನು ಪೂರ್ತಿ ಮುಂದಕ್ಕೆ ಎಳೆದುಕೊಂಡರೂ ಲ್ಯಾಂಡಿಂಗ್ ಹೊತ್ತಿಗೆ ರನ್‌ವೇ ವಿಮಾನದ ಮೂತಿಯ ಹಿಂದೆ ಮರೆಯಾಗುತ್ತದೆ. ದಿಂಬು ಹಾಕಿಕೊಂಡರೆ ಕಾಲು ಪೆಡಲ್‌ಗೆ ಎಟುಕುವುದಿಲ್ಲ. ಏನು ಮಾಡಲಿ ಸರ್?

ಉತ್ತರ, ಫ್ಲೈಟ್ ಇನ್‌ಸ್ಟ್ರಕ್ಟರ್: ಮೊದಲು ಕಣ್ಣಿನ ಎತ್ತರ ಸರಿಮಾಡಿಕೊಳ್ಳಿ ಮೇಡಂ, ಕಾಲಿನದು ಆಮೇಲೆ. ಸೀಟು ಮುಂದಕ್ಕೆಳೆದು ಎರಡನ್ನೂ ಒಟ್ಟಿಗೆ ಬಗೆಹರಿಸಲು ಹೋದರೆ ಯೋಕ್ (ವಿಮಾನ ನಡೆಸುವ ಹಿಡಿಚಕ್ರ) ಹೊಟ್ಟೆಗೆ ತಾಗುತ್ತದೆ, ಫ್ಲೇರ್‌ನಲ್ಲಿ (ನೆಲ ಮುಟ್ಟುವ ಮುನ್ನ ಮೂತಿ ಎತ್ತುವಾಗ) ಅದನ್ನು ಹಿಂದಕ್ಕೆಳೆಯಲು ಜಾಗವೇ ಉಳಿಯುವುದಿಲ್ಲ.

ನಿಮ್ಮದು 172ಆರ್ ಅಥವಾ 172ಎಸ್ ಮಾದರಿ ಆಗಿದ್ದರೆ ಮುಂದಿನ ಸೀಟಿನ ಕೆಳಗೆ ಎತ್ತರ ಹೆಚ್ಚಿಸುವ ತಿರುಗುಹಿಡಿ ಇರುತ್ತದೆ. ಅದನ್ನು ಪೂರ್ತಿ ಬಳಸಿ, ಸಾಲದಿದ್ದರೆ ಮಾತ್ರ ಕುಶನ್. ವಿಮಾನ ನಿಂತಿರುವಾಗ ಬೆನ್ನು ಒರಗಿಸಿ, ಬೆಲ್ಟ್ ಬಿಗಿದು ಕುಳಿತು, 1 ಸೆಂ.ಮೀ. ದಪ್ಪದ ಗಟ್ಟಿ ಫೋಮ್ ಹಾಳೆಗಳನ್ನು ಒಂದೊಂದಾಗಿ ಸೇರಿಸುತ್ತಾ ಹೋಗಿ. ಡ್ಯಾಶ್‌ಬೋರ್ಡಿನ ಅಂಚಿನ ಮೇಲಿಂದ ಕೌಲಿಂಗ್ (ಮೂತಿಯ ಎಂಜಿನ್ ಹೊದಿಕೆ) ತುದಿಯವರೆಗೂ ಕಾಣಬೇಕು, ಮೇಲಿನ ಸಾಲಿನ ಉಪಕರಣಗಳೂ ಮರೆಯಾಗಬಾರದು. ಪಕ್ಕದ ಕಿಟಕಿ ನೋಡಿದಾಗ ರೆಕ್ಕೆಯ ಕೆಳಅಂಚು ಕಣ್ಣಿನ ನೇರಕ್ಕೆ ಬಂದರೆ ಜಾಸ್ತಿಯಾಯಿತು, ತಿರುವಿಗೆ ಮೊದಲು ಬಗ್ಗಿ ನೋಡಬೇಕಾಗುತ್ತದೆ.

ಕೌಲಿಂಗ್ ತುದಿ ಕಣ್ಣಿನಿಂದ ಒಂದೂವರೆ ಮೀಟರ್ ದೂರ ಎಂದಿಟ್ಟುಕೊಳ್ಳಿ. 5 ಸೆಂ.ಮೀ. ಮೇಲೆ ಕುಳಿತರೆ ಮೂತಿಯ ಮೇಲಿನಿಂದ ಸುಮಾರು 2 ಡಿಗ್ರಿ ಹೆಚ್ಚು ಕೆಳಗೆ ಕಾಣುತ್ತದೆ. ಸಾಮಾನ್ಯ ಅಪ್ರೋಚ್ (ಇಳಿಯಲು ಬರುವ) ಕೋನವೇ 3 ಡಿಗ್ರಿ! ಹಾಗಾಗಿ ಒಮ್ಮೆ ಸಿಕ್ಕ ಎತ್ತರವನ್ನು ಬದಲಿಸಬೇಡಿ. ಇವತ್ತು 4, ನಾಳೆ 6 ಸೆಂ.ಮೀ. ಆದರೆ ಫ್ಲೇರ್ ಎತ್ತರದ ಅಂದಾಜೇ ಕೆಡುತ್ತದೆ. ಫ್ಲೇರ್‌ನ ಕೊನೆಯಲ್ಲಿ ಮೂತಿ ಎದ್ದಾಗ ಎತ್ತರದವರಿಗೂ ರನ್‌ವೇ ಬಹುಪಾಲು ಮರೆಯಾಗುತ್ತದೆ, ಆಗ ಎಡ ಅಂಚಿನ ಕಡೆಗೆ ಕಣ್ಣಿಡಿ. ಕಾಣುವುದಿಲ್ಲವೆಂದು ಮೂತಿ ತಗ್ಗಿಸಿದರೆ ಮುಂಚಕ್ರ ಮೊದಲು ಬಡಿಯುತ್ತದೆ.

ಇನ್ನು ಕಾಲು. ಮೇಲೇರಿದಷ್ಟೂ ಪೆಡಲ್ ದೂರವಾಗುವುದು ಸಹಜ, ಅದಕ್ಕೆ ಬೆನ್ನಿಗೆ 3ರಿಂದ 5 ಸೆಂ.ಮೀ. ಗಟ್ಟಿ ಕುಶನ್ ಕೊಡಿ. ಒಂದು ಕಡೆಯ ರಡ್ಡರ್ (ಮೂತಿಯನ್ನು ಎಡಬಲಕ್ಕೆ ತಿರುಗಿಸುವ) ಪೆಡಲ್ ಕೊನೆಯವರೆಗೆ ಒತ್ತಿ, ಅದೇ ಪಾದದ ತುದಿಯಿಂದ ಬ್ರೇಕನ್ನೂ ಪೂರ್ತಿ ಒತ್ತಿ. ಆಗಲೂ ಮಂಡಿ ಸ್ವಲ್ಪ ಮಡಚಿರಬೇಕು. ಎರಡೂ ಕಡೆ ಮಾಡಿ. ಬಳಿಕ ಯೋಕನ್ನು ಪೂರ್ತಿ ಹಿಂದೆಳೆದು ಎಡಕ್ಕೂ ಬಲಕ್ಕೂ ತಿರುಗಿಸಿ, ತೊಡೆಗೆ ತಾಗಕೂಡದು. ಕುಶನ್ ಹಾಕಿದಾಗ ತೊಡೆ ಮೇಲೇಳುವುದರಿಂದ ಇದನ್ನು ತಪ್ಪದೆ ನೋಡಿ. ನೆಲದ ಮೇಲಿನ, ಟ್ಯಾಂಕ್ ಆರಿಸುವ ಇಂಧನ ಸೆಲೆಕ್ಟರ್‌ಗೂ ಕೈ ಎಟುಕಬೇಕು.

ಪ್ರಶ್ನೆ, ಅದೇ ವಿದ್ಯಾರ್ಥಿನಿ: ಯಾವ ಫೋಮ್ ತರಲಿ? ಪೆಡಲ್‌ಗೆ ಮರದ ತುಂಡು ಕಟ್ಟಬಹುದೇ?

ಉತ್ತರ, ವಿಮಾನ ನಿರ್ವಹಣಾ ಎಂಜಿನಿಯರ್: ಮರದ ತುಂಡು ಖಂಡಿತ ಬೇಡಮ್ಮ. ಜಾರಿ ಪೆಡಲ್ ನಡುವೆ ಸಿಕ್ಕಿಕೊಂಡರೆ ರಡ್ಡರೇ ಸಿಗುವುದಿಲ್ಲ. ಆ ಮಾದರಿಗೆ ಅನುಮೋದನೆ ಪಡೆದ ಪೆಡಲ್ ಎಕ್ಸ್‌ಟೆನ್ಷನ್ ಮಾತ್ರ, ಅದೂ ಎಂಜಿನಿಯರ್ ಕೈಯಲ್ಲೇ ಹಾಕಿಸಬೇಕು.

ಮೆತ್ತನೆಯ ಸೋಫಾ ಫೋಮೂ ಬೇಡ. ವಿಮಾನ ರಭಸವಾಗಿ ನೆಲಕ್ಕೆ ಬಡಿದಾಗ ಅದು ಪೂರ್ತಿ ಕುಗ್ಗುತ್ತದೆ, ಆಮೇಲೆ ಬರುವ ಹೊಡೆತ ನೇರ ಬೆನ್ನುಮೂಳೆಗೆ. ನಿಧಾನವಾಗಿ ಒತ್ತಿದರೆ ಬಗ್ಗುವ, ಥಟ್ಟನೆ ಗುದ್ದಿದರೆ ಗಟ್ಟಿಯಾಗುವ ವಿಮಾನ ಸೀಟಿನ ಫೋಮ್ ಉತ್ತಮ. ಹೊದಿಕೆ ಬೇಗ ಬೆಂಕಿ ಹಿಡಿಯದ ಬಟ್ಟೆಯದ್ದಾಗಿರಲಿ, ಅಡಿಭಾಗ ಜಾರದಿರಲಿ. ಸೊಂಟದ ಬೆಲ್ಟ್ ಹೊಟ್ಟೆಯ ಮೇಲಲ್ಲ, ಸೊಂಟದ ಮೂಳೆಯ ಮೇಲೆ ಕೂರಬೇಕು.

ಇನ್ನೊಂದು ಮಾತು, ದಯವಿಟ್ಟು ಮರೆಯಬೇಡಿ. ಸೀಟು ಹೊಂದಿಸಿದ ಮೇಲೆ ಹಿಂದೆ ಮುಂದೆ ಜಗ್ಗಿ ನೋಡಿ. ಸೀಟು ಸರಿಯುವ ಹಳಿಯ ತೂತು ಸವೆದು ಪಿನ್ ಅರ್ಧ ಕೂತಿದ್ದರೆ ಟೇಕಾಫ್‌ನಲ್ಲಿ ಸೀಟು ಹಿಂದಕ್ಕೆ ಜಾರುತ್ತದೆ, ಹಿಡಿದ ಯೋಕೂ ಜೊತೆಗೆ ಬಂದು ಮೂತಿ ಮೇಲೇಳುತ್ತದೆ. ಈ ಕಾರಣಕ್ಕೇ ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್‌ಎಎ 1987ರಲ್ಲೇ ಸೆಸ್ನಾ ಸೀಟು ಹಳಿಗಳ ತಪಾಸಣೆ ಕಡ್ಡಾಯ ಮಾಡಿತು. ತೀರ ಮುಂದೆ ಕೂರುವವರ ಸೀಟಿಗೆ ಹಿಂದೆ ಜಾರಲು ಹೆಚ್ಚು ಜಾಗವಿರುತ್ತದೆ.

ಪ್ರಶ್ನೆ, ಇನ್ನೊಬ್ಬ ಸದಸ್ಯ: ನಮ್ಮಲ್ಲಿ ಡೈಮಂಡ್ ಡಿಎ40 ವಿಮಾನ ಇದೆ. ಇದೇ ಲೆಕ್ಕವೇ?

ಉತ್ತರ, ಇನ್‌ಸ್ಟ್ರಕ್ಟರ್: ಅದರಲ್ಲಿ ಸೀಟು ಸರಿಯುವುದಿಲ್ಲ, ಪೆಡಲ್‌ಗಳೇ ಹಿಂದೆ ಮುಂದೆ ಬರುತ್ತವೆ. ಕಾಲಿನ ತೊಂದರೆ ಕಡಿಮೆ, ಎತ್ತರಕ್ಕೆ ಕುಶನ್ ಹಾಕಿ ಪೆಡಲ್ ಹತ್ತಿರಕ್ಕೆ ತಂದುಕೊಂಡರಾಯಿತು. ಆದರೆ ಅಲ್ಲಿ ಯೋಕ್ ಬದಲು ತೊಡೆಗಳ ನಡುವೆ ಸ್ಟಿಕ್ (ಕೋಲಿನಂಥ ಹಿಡಿ) ಇದೆ. ನಾಲ್ಕೂ ದಿಕ್ಕಿಗೆ ಪೂರ್ತಿ ತಿರುಗುತ್ತದೆಯೇ ಎಂದು ಕುಶನ್ ಮೇಲೆ ಕುಳಿತೇ ಪರೀಕ್ಷಿಸಿ.