ಹಳೇ ಅಮೆರಿಕನ್ ರೈಲ್ವೆ ಪತ್ರಿಕೆಗಳನ್ನು ನಮ್ಮ ಮಳೆಗಾಲದಲ್ಲಿ ಉಳಿಸಿಕೊಳ್ಳುವುದು ಹೇಗೆ?

ಶಿರಸಿ ಗಾರ್ಡ್:
1933–36ರ 'ರೈಲ್‌ರೋಡ್ ಸ್ಟೋರೀಸ್' 31 ಸಂಚಿಕೆ, 1950ರ ದಶಕದ 'ಟ್ರೇನ್ಸ್' 14 ಸಂಚಿಕೆ ಇವೆ. ಎಲ್ಲ ಸೇರಿ ಹತ್ತು ಕಿಲೋ ಹತ್ತಿರ. ಮೊದಲನೆಯವುಗಳ ಅಂಚು ಮುಟ್ಟಿದರೆ ಹಪ್ಪಳದ ಹಾಗೆ ಉದುರುತ್ತದೆ. 'ಟ್ರೇನ್ಸ್'ನ ಪಿನ್ ತುಕ್ಕು ಹಿಡಿದು ನಡುಹಾಳೆಯಲ್ಲಿ ಕಂದು ಕಲೆ ಬಿದ್ದಿದೆ. ಕೆಲವದರಲ್ಲಿ ಬೆಳ್ಳಿಹುಳ ಓಡಾಡುತ್ತಿದೆ. ಬೈಂಡಿಂಗ್ ಅಂಗಡಿಯವರು ಮೂರೂ ಬದಿ ಕತ್ತರಿಸಿ ಆರಾರು ಸಂಚಿಕೆಗೆ ರಟ್ಟು ಹಾಕೋಣ ಅನ್ನುತ್ತಾರೆ. ಇಲ್ಲವೇ ಪ್ಲಾಸ್ಟಿಕ್ ಡಬ್ಬಿಗೆ ಹಾಕಿ ತೇವ ಹೀರುವ ಸಿಲಿಕಾ ಜೆಲ್ 100 ಗ್ರಾಂ ಇಟ್ಟರೆ ಸಾಕಾ? ಧಾರಾವಾಹಿ ಕಥೆಗಳ ಪಟ್ಟಿ ಮಾಡುವ ಕ್ರಮವನ್ನೂ ಬಲ್ಲವರು ತಿಳಿಸಿ.

ಹಳೇಕಾಗದ:
ಬೈಂಡಿಂಗ್ ಮಾತ್ರ ಬೇಡ ಮಾರಾಯ್ರೇ. 'ರೈಲ್‌ರೋಡ್ ಸ್ಟೋರೀಸ್' ಪಲ್ಪ್, ಅಂದರೆ ಅಗ್ಗದ ಕಾಗದದ ಕಥಾಪತ್ರಿಕೆ. ಅದಕ್ಕೆ ಪಿನ್ ಹೊಡೆದಿರುವುದು ಮಗ್ಗುಲಿಂದ, ಒಳ ಅಂಚು ಮೊದಲೇ ಕಡಿಮೆ. ಹೊಲಿದು ಬಿಗಿದರೆ ಪುಸ್ತಕ ಪೂರ್ತಿ ತೆರೆಯುವುದಿಲ್ಲ, ಬಲವಂತವಾಗಿ ತೆರೆದರೆ ಹೊಲಿಗೆಯ ಗೆರೆಯಲ್ಲೇ ಹಾಳೆ ಮುರಿಯುತ್ತದೆ. ಇನ್ನು ಅಂಗಡಿಯ ಅಂಟಿಗೆ ಹುಳ ಬಾರದಿರಲಿ ಎಂದು ಮೈಲುತುತ್ತ ಬೆರೆಸುವ ವಾಡಿಕೆಯಿದೆ. ಅದರಲ್ಲಿರುವುದು ತಾಮ್ರ, ಅದು ಕಾಗದ ಸವೆಯುವುದನ್ನು ಇನ್ನಷ್ಟು ಬೇಗ ಮಾಡುತ್ತದೆ.

ನಿಮ್ಮ ಪೆಟ್ಟಿಗೆಯಲ್ಲಿರುವುದು ಎರಡು ಜಾತಿಯ ಕಾಗದ, ಎರಡಕ್ಕೂ ಒಂದೇ ಮದ್ದಿಲ್ಲ. 'ರೈಲ್‌ರೋಡ್ ಸ್ಟೋರೀಸ್' ಮರವನ್ನು ಅರೆದು ಮಾಡಿದ ಅಗ್ಗದ ಕಾಗದ. ಮರದ ನಾರನ್ನು ಹಿಡಿದಿಡುವ ಲಿಗ್ನಿನ್ ಎಂಬ ವಸ್ತು ಒಳಗೇ ಉಳಿದಿರುತ್ತದೆ, ಬೆಳಕು ತಾಗಿದರೆ ಹಳದಿಯಾಗುತ್ತದೆ, ಆಮ್ಲ ಸೇರಿ ಮುರುಕಾಗುತ್ತದೆ. ಹಾಗಾಗಿ ಮಳೆ ಬಿಟ್ಟ ಕೂಡಲೇ ಅಂಗಳದ ಬಿಸಿಲಿಗೆ ಹರಡುವ ನಮ್ಮ ಅಭ್ಯಾಸ ಇದಕ್ಕೆ ಆಗದು, ಗಾಳಿಯಾಡುವ ನೆರಳು ಸಾಕು. 'ಟ್ರೇನ್ಸ್'ನದು ಹೊಳಪಿನ ಲೇಪ ಇರುವ ಕಾಗದ. ನೀರು ತಾಗಿ ಒತ್ತಿಕೊಂಡೇ ಒಣಗಿದರೆ ಹಾಳೆಗಳು ಇಟ್ಟಿಗೆಯಂತೆ ಅಂಟುತ್ತವೆ, ಆಮೇಲೆ ಬಿಡಿಸಿದರೆ ಚಿತ್ರವೇ ಕಿತ್ತು ಬರುತ್ತದೆ. ಒದ್ದೆಯಿರುವಾಗಲೇ ಬಿಡಿಸಿ ಹಾಳೆ ಹಾಳೆಯ ನಡುವೆ ಮೇಣದ ಕಾಗದ ಇಡಬೇಕು. ಪುರುಸೊತ್ತಿಲ್ಲವೇ, ಕವರಿಗೆ ಹಾಕಿ ಫ್ರೀಜರಿಗೆ ನೂಕಿ, ಕನಿಷ್ಠ ಪಕ್ಷ ಅಂಟುವುದು ನಿಲ್ಲುತ್ತದೆ.

ಪಿನ್ ತೆಗೆಯುವುದು 'ಟ್ರೇನ್ಸ್'ಗೆ ಮಾತ್ರ, ಅದು ಮಡಿಕೆಯ ನಡುವೆ ಹೊಡೆದದ್ದು. ನಡುಪುಟ ತೆರೆದು, ಪಿನ್ನಿನ ಕಾಲಿನ ಕೆಳಗೆ ಒಂದು ಚೂರು ಗಟ್ಟಿ ಪ್ಲಾಸ್ಟಿಕ್ ಹಾಳೆ ತೂರಿಸಿ, ಮೊಂಡು ಅಲಗಿನಿಂದ ಎರಡೂ ಕಾಲನ್ನು ನೆಟ್ಟಗೆ ಎತ್ತಿ. ಆಮೇಲೆ ಬೆನ್ನಿನ ಕಡೆಯಿಂದ ನೇರವಾಗಿ ಹೊರಗೆಳೆಯಿರಿ. ಕಾಲು ನೇರವಾಗದೆ ಎಳೆದರೆ ತುಕ್ಕು ಹಿಡಿದ ಕೊಕ್ಕೆ ಕಾಗದವನ್ನೂ ಜೊತೆಗೆ ತರುತ್ತದೆ. ಅದೇ ತೂತುಗಳಲ್ಲಿ ಹತ್ತಿ ದಾರ ಹಾಕಿ ಒಳಗಡೆ ಸಡಿಲ ಗಂಟು ಕೊಡಿ. ಪಲ್ಪಿನದಕ್ಕೆ ಹೊದಿಕೆ ಬೆನ್ನಿಗೆ ಅಂಟಿಸಿದ್ದು, ಪಿನ್ ಅದರಡಿಯಲ್ಲಿದೆ. ತೆಗೆಯಲು ಹೋದರೆ ಹೊದಿಕೆಯೇ ಹೋಗುತ್ತದೆ, ಬಿಟ್ಟುಬಿಡಿ.

ಕಾರವಾರ ಲೂಪ್‌ಲೈನ್:
100 ಗ್ರಾಂ ಜೆಲ್ ಯಾವ ಮೂಲೆಗೂ ಸಾಲದು, ಲೆಕ್ಕ ನೋಡಿ. ಗಾಳಿಯ ತೇವ 80% ಇದ್ದಾಗ ಕಾಗದ ತನ್ನ ತೂಕದ ಸುಮಾರು 11% ನೀರು ಹಿಡಿದಿರುತ್ತದೆ, 50%ಕ್ಕೆ ಇಳಿದರೆ ಸುಮಾರು 7%. ಅಂದರೆ ನಿಮ್ಮ ಹತ್ತು ಕಿಲೋದಿಂದ 400 ಗ್ರಾಂನಷ್ಟು ನೀರು ಹೊರಬರಬೇಕು. ಜೆಲ್ ಹಿಡಿಯುವುದು ತನ್ನ ತೂಕದ ಐದನೇ ಒಂದು ಪಾಲು ಅಂದುಕೊಳ್ಳಿ, ಎರಡು ಕಿಲೋ ಬೇಕಾಯಿತು. ಜುಲೈಯಲ್ಲಿ ಡಬ್ಬಿ ಮುಚ್ಚಿ ನೆಮ್ಮದಿಯಾಗಿ ಕೂತರೆ ಒಳಗೆ ಬೂಷ್ಟು ಸಾಕಿದ ಹಾಗೆಯೇ.

ಜನವರಿ–ಫೆಬ್ರವರಿಯ ಒಣ ಗಾಳಿಯಲ್ಲಿ ಸಂಚಿಕೆಗಳನ್ನು ಒಂದೊಂದಾಗಿ ಮೇಜಿನ ಮೇಲೆ ಹರಡಿ, ವಾರ ಬಿಟ್ಟು ಮಧ್ಯಾಹ್ನದ ಹೊತ್ತು ಡಬ್ಬಿಗೆ ಹಾಕಿ. ಆಗ ರಬ್ಬರ್ ಅಂಚಿನ ಮುಚ್ಚಳವಿದ್ದರೆ ಅರ್ಧ ಕಿಲೋ ಜೆಲ್ ಮಳೆಗಾಲದ ಸೋರಿಕೆಯನ್ನಷ್ಟೇ ನೋಡಿಕೊಂಡರೆ ಸಾಕು. ಒಳಗೆ ಚಿಕ್ಕ ತೇವಮಾಪಕ ಇಡಿ, 45–55ರ ನಡುವೆ ಇರಲಿ, 65 ದಾಟಿದರೆ ಜೆಲ್ ಬದಲಿಸಿ. ಅಗ್ಗದ ಮಾಪಕಗಳು ಸುಳ್ಳು ಹೇಳುತ್ತವೆ. ಬಾಟಲಿಯ ಮುಚ್ಚಳದಲ್ಲಿ ಉಪ್ಪಿಗೆ ಕೆಲವೇ ಹನಿ ನೀರು ಹಾಕಿ, ಕರಗದೆ ಒದ್ದೆ ಮರಳಿನಂತಿರಬೇಕು. ಮಾಪಕದ ಜೊತೆ ಅದನ್ನೂ ಜಿಪ್ ಕವರಿನಲ್ಲಿ 12 ಗಂಟೆ ಬಿಡಿ. 75 ತೋರಿಸಬೇಕು. 70 ತೋರಿಸಿದರೆ ಮುಂದೆ ಐದು ಸೇರಿಸಿ ಓದಿಕೊಳ್ಳಿ.

ಕಿತ್ತಳೆ ಬಣ್ಣದ ಜೆಲ್ ಕೊಳ್ಳಿ. ನೀಲಿಯದರಲ್ಲಿ ಕೋಬಾಲ್ಟ್ ಇರುತ್ತದೆ, ಅಡುಗೆಯ ಓವನ್‌ನಲ್ಲಿ ಕಾಯಿಸುವಂಥದ್ದಲ್ಲ. ಕಿತ್ತಳೆಯನ್ನು 110–120 ಡಿಗ್ರಿಯಲ್ಲಿ ಎರಡು ಗಂಟೆ ಕಾಯಿಸಿದರೆ ಮತ್ತೆ ಕೆಲಸಕ್ಕೆ ಬರುತ್ತದೆ.

ಹುಳಕ್ಕೆ ಫ್ರೀಜರ್: ಜಿಪ್ ಕವರಿನ ಗಾಳಿ ಒತ್ತಿ ತೆಗೆದು, ಮೈನಸ್ 18ರಲ್ಲಿ ಎರಡು ವಾರ. ಹೊರತೆಗೆದ ಮೇಲೆ ಒಂದು ಇಡೀ ದಿನ ಕವರ್ ಬಿಚ್ಚಬೇಡಿ. ಬಿಚ್ಚಿದರೆ ತಣ್ಣನೆಯ ಹೊದಿಕೆಯ ಮೇಲೆ ನೀರು ಕೂರುತ್ತದೆ. ನುಸಿಗುಳಿಗೆ ಬೂಷ್ಟನ್ನು ತಡೆಯದು, ವಾಸನೆ ಮಾತ್ರ ವರ್ಷಗಟ್ಟಲೆ ಉಳಿಯುತ್ತದೆ. ಲಕ್ಕಿಸೊಪ್ಪು, ಬಜೆ ಇಡುವುದಾದರೆ ಬಟ್ಟೆಯಲ್ಲಿ ಕಟ್ಟಿ, ಕಾಗದಕ್ಕೆ ತಾಗದ ಹಾಗೆ. ಅಟ್ಟ ಬೇಡವೇ ಬೇಡ, ಬಚ್ಚಲೊಲೆಯ ಹೊಗೆ ಅಲ್ಲಿಗೇ ಏರುವುದು.

ಟೋಕನ್ ಬಳೆ:
ಪಟ್ಟಿಯ ವಿಷಯಕ್ಕೆ ಬರುತ್ತೇನೆ. ಹೆಸರು ಬದಲಾದದ್ದರಿಂದ ಒಂದೇ ಪತ್ರಿಕೆಯನ್ನು ಮೂರು ಎಂದು ಎಣಿಸುವವರೇ ಹೆಚ್ಚು. 1906ರ ಅಕ್ಟೋಬರಿನಲ್ಲಿ 'ರೈಲ್‌ರೋಡ್ ಮ್ಯಾನ್ಸ್ ಮ್ಯಾಗಜಿನ್' ಆಗಿ ಶುರು, 1919ರಲ್ಲಿ ನಿಂತಿತು. 1929ರ ಡಿಸೆಂಬರಿನಲ್ಲಿ ಮತ್ತೆ ಬಂತು, 1932ರಲ್ಲಿ 'ರೈಲ್‌ರೋಡ್ ಸ್ಟೋರೀಸ್', 1937ರಲ್ಲಿ 'ರೈಲ್‌ರೋಡ್ ಮ್ಯಾಗಜಿನ್', 1979ರಲ್ಲಿ ಇನ್ನೊಂದು ಪತ್ರಿಕೆಯೊಳಗೆ ಲೀನ. 'ಟ್ರೇನ್ಸ್' ಬೇರೆಯೇ, 1940ರ ನವೆಂಬರಿನಿಂದ. ಪಟ್ಟಿಯಲ್ಲಿ ಹೆಸರಿನ ಬದಲು ಸಂಪುಟ, ಸಂಚಿಕೆ, ತಿಂಗಳು ಇವುಗಳಿಂದಲೇ ಸಾಲು ಜೋಡಿಸಿ. ಒಂದು ಕಥೆಗೆ ಒಂದು ಸಾಲು: ಕಥೆ, ಲೇಖಕ, ಪುಟ, ಎಷ್ಟನೇ ಕಂತು, ಯಾವ ರೈಲುಮಾರ್ಗ, ಕಲ್ಪನೆಯೋ ನಿಜಘಟನೆಯೋ. ಆ ಪತ್ರಿಕೆ ಎರಡನ್ನೂ ಒಟ್ಟಿಗೆ ಅಚ್ಚುಹಾಕುತ್ತಿತ್ತು, ಹಾಗಾಗಿ ಕೊನೆಯ ಕಾಲಮ್ಮು ಬಿಡಲೇಬೇಡಿ. ಎಂಜಿನ್ ಪಟ್ಟಿಗಳ ಪುಟವನ್ನೂ ಗುರುತಿಸಿ, ಕತ್ತರಿಸಿಕೊಂಡು ಹೋಗಿರುವುದು ಹೆಚ್ಚಾಗಿ ಅವನ್ನೇ. 'ಟ್ರೇನ್ಸ್'ನಲ್ಲಿ ಪುಟದ ಲೆಕ್ಕ ನಾಲ್ಕರಿಂದ ಭಾಗವಾಗದಿದ್ದರೆ ಎಲ್ಲೋ ಅರ್ಧ ಹಾಳೆ ಹರಿದುಹೋಗಿದೆ. ನಾಲ್ಕೂ ಪುಟದ ಇಡೀ ಹಾಳೆ ಉದುರಿದ್ದರೆ ಈ ಲೆಕ್ಕಕ್ಕೆ ಸಿಗದು, ಪುಟಸಂಖ್ಯೆ ಎಲ್ಲಾದರೂ ಜಿಗಿದಿದೆಯೇ ನೋಡಿ.

ಕಥೆ ಅರ್ಥವಾಗಬೇಕಾದರೆ ಒಂದು ಪದ್ಧತಿ ಗೊತ್ತಿರಬೇಕು. ಒಂಟಿ ಹಳಿಯಲ್ಲಿ ಕ್ರಾಸಿಂಗಿಗೆ ಕಾಯುವುದು ಅಂಕೋಲಾ, ಕುಮಟಾ ಕಡೆಯ ಪ್ರಯಾಣಿಕರಿಗೆ ಹೇಳಿಕೊಡಬೇಕಿಲ್ಲ. ನಮ್ಮ ಹಳೇ ಮಾರ್ಗಗಳಲ್ಲಿ ಬಳೆಗೆ ಕಟ್ಟಿದ ಟೋಕನ್, ಅಂದರೆ ಮುಂದಿನ ಹಳಿಗೆ ಹೋಗಲು ಅನುಮತಿಯ ಗುರುತು, ಕೈಗೆ ಬಾರದೆ ಗಾಡಿ ಮುಂದೆ ಹೋಗುವಂತಿರಲಿಲ್ಲ. ಅಮೆರಿಕದ ಬಹಳಷ್ಟು ಒಂಟಿ ಹಳಿಗಳಲ್ಲಿ ಟೋಕನ್ ಇರಲಿಲ್ಲ. ವೇಳಾಪಟ್ಟಿ, ಅದರ ಮೇಲೆ ತಂತಿಯಲ್ಲಿ ಬಂದ ಆದೇಶದ ಚೀಟಿ, ಅಷ್ಟೇ. 'ಫಾರ್ಮ್ 31' ಅಂದರೆ ಗಾಡಿ ನಿಲ್ಲಿಸಿ ಸಹಿ ಹಾಕಿ ಪಡೆಯುವ ಆದೇಶ, 'ಫಾರ್ಮ್ 19' ಓಡುವ ಗಾಡಿಯಿಂದಲೇ ಬಳೆಗೆ ತೋಳು ತೂರಿ ಎತ್ತಿಕೊಳ್ಳುವುದು. ತಂತಿಯವನು ಒಂದು ಚೀಟಿ ಕೊಡಲು ಮರೆತರೆ ಎರಡು ಗಾಡಿ ಎದುರುಬದುರು. ಅಷ್ಟೊಂದು ಕಥೆಗಳಲ್ಲಿ ಟೆಲಿಗ್ರಾಫರ್ ನಾಯಕನಾಗಿರುವುದು ಇದಕ್ಕೇ. 'ಬೂಮರ್' ಅಂದರೆ ಒಂದು ರೈಲ್ವೆಯಿಂದ ಇನ್ನೊಂದಕ್ಕೆ ಅಲೆಯುತ್ತ ಕೆಲಸ ಹಿಡಿಯುವವನು, 'ಹಾಗ್‌ಹೆಡ್' ಅಂದರೆ ಎಂಜಿನ್ ಡ್ರೈವರ್. 'ಹಾಟ್‌ಬಾಕ್ಸ್' ಅಂದರೆ ಗಾಲಿಯ ಅಚ್ಚಿನ ಬೇರಿಂಗ್ ವಿಪರೀತ ಕಾಯುವುದು, ನಮ್ಮವರು ಹಾಟ್ ಆಕ್ಸಲ್ ಅನ್ನುವುದೇ.

1906–19ರ ಸಂಚಿಕೆಗಳಿಗೆ ಅಮೆರಿಕದಲ್ಲಿ ಹಕ್ಕುಸ್ವಾಮ್ಯ ಮುಗಿದಿದೆ. ಬರೀ ಕಥೆ ಓದಲಿಕ್ಕಾದರೆ ದುಡ್ಡು ಸುರಿಯಬೇಡಿ, ಸ್ಕ್ಯಾನ್ ಹುಡುಕಿ.

ಶಿರಸಿ ಗಾರ್ಡ್:
ಎಲ್ಲರಿಗೂ ಧನ್ಯವಾದ. ಮೂರು ಹೊದಿಕೆಗೆ ಹಿಂದಿನವರು ಸೆಲೋಟೇಪ್ ಹಚ್ಚಿದ್ದಾರೆ, ಕಂದಾಗಿದೆ. ಕೀಳಬಹುದಾ?

ಹಳೇಕಾಗದ:
ಪ್ಲಾಸ್ಟಿಕ್ ಪಟ್ಟಿ ತಾನಾಗಿ ಎದ್ದಿದ್ದರೆ ಅದಷ್ಟನ್ನು ತೆಗೆಯಿರಿ. ಕಂದು ಗೋಂದು ಕಾಗದದೊಳಗೆ ಇಳಿದಾಗಿದೆ, ಅದನ್ನು ಕೆರೆಯಬೇಡಿ, ಬಣ್ಣ ಹೋಗುತ್ತದೆ. ಹರಿದ ಕಡೆ ತೆಳು ಜಪಾನಿ ಕಾಗದದ ಪಟ್ಟಿಯನ್ನು ಕೈಯಲ್ಲಿ ಹರಿದು (ಕತ್ತರಿಯ ಅಂಚಾದರೆ ಅಲ್ಲೇ ಮತ್ತೆ ಮಡಿಕೆ ಬೀಳುತ್ತದೆ), ಗೋಧಿ ಗಂಜಿಯ ಅಂಟನ್ನು ತೀರಾ ತೆಳುವಾಗಿ ಹಚ್ಚಿ ಒಳಬದಿಗೆ ಕೂರಿಸಿ, ಮೇಲೆ ಭಾರ ಇಟ್ಟು ರಾತ್ರಿಯಿಡೀ ಬಿಡಿ. ಅದೂ ಮಳೆ ಮುಗಿದ ಮೇಲೆ. ಈಗ ಹಚ್ಚಿದರೆ ಅಂಟು ಒಣಗುವ ಮೊದಲೇ ಬೂಷ್ಟು ಹಿಡಿಯುತ್ತದೆ.