ಜಿಡ್ಡೂ ಇದೆ, ಹೊಟ್ಟೂ ಏಳುತ್ತಿದೆ: ಇಂಥ ಮುಖವನ್ನು ಹೇಗೆ ನೋಡಿಕೊಳ್ಳಬೇಕು?

ಪ್ರಶ್ನೆ: ಮೂಡಿಗೆರೆಯ ಶಿಕ್ಷಕಿ

ಎಲ್ಲರಿಗೂ ನಮಸ್ಕಾರ. ನನಗೆ 27 ವರ್ಷ, ಮೂಡಿಗೆರೆ ಸಮೀಪದ ಶಾಲೆಯೊಂದರಲ್ಲಿ ಪಾಠ ಮಾಡುತ್ತೇನೆ. ಹೈಸ್ಕೂಲಿನ ದಿನಗಳಿಂದಲೂ ನನ್ನದು ಎಣ್ಣೆ ಚರ್ಮ. ಬೆಳಿಗ್ಗೆ ಮುಖ ತೊಳೆದು ಹೊರಟರೆ ಎರಡನೆಯ ಪೀರಿಯಡ್ ಮುಗಿಯುವಷ್ಟರಲ್ಲಿ ಹಣೆ ಮತ್ತು ಮೂಗು ಹೊಳೆಯತೊಡಗುತ್ತವೆ. ಆದರೆ ಎರಡು ವರ್ಷಗಳಿಂದ, ಅದರಲ್ಲೂ ಕಾಫಿ ಕೊಯ್ಲಿನ ಚಳಿಯ ತಿಂಗಳುಗಳಲ್ಲಿ, ಮೂಗಿನ ಎರಡೂ ಪಕ್ಕದ ಮಡಿಕೆಗಳಲ್ಲಿ ಮತ್ತು ಹುಬ್ಬುಗಳ ಒಳಗೆ ಹಳದಿ ಬೆರೆತ ಬಿಳಿ ಹೊಟ್ಟು ಏಳುತ್ತಿದೆ. ಕೆನ್ನೆಯಂತೂ ತೊಳೆದ ಕೂಡಲೇ ಬಿಗಿದುಕೊಂಡು ಸಂಜೆಯ ಹೊತ್ತಿಗೆ ಸಣ್ಣಗೆ ಸಿಪ್ಪೆ ಸುಲಿಯುತ್ತದೆ. ತಲೆಯಲ್ಲಿಯೂ ಹೊಟ್ಟಿದೆ.

ದಿನಕ್ಕೆ ನಾಲ್ಕೈದು ಬಾರಿ ಸೋಪು ಹಚ್ಚಿ ಮುಖ ತೊಳೆಯುತ್ತೇನೆ, ವಾರಕ್ಕೆರಡು ಬಾರಿ ಕಡಲೆಹಿಟ್ಟಿಗೆ ನಿಂಬೆರಸ ಕಲಸಿ ಉಜ್ಜುತ್ತೇನೆ. ಮೊಡವೆ ಬಂದೀತೆಂಬ ಹೆದರಿಕೆಯಿಂದ ಯಾವ ಕ್ರೀಮನ್ನೂ ಹಚ್ಚುತ್ತಿರಲಿಲ್ಲ. ಕಳೆದ ತಿಂಗಳು ಔಷಧಿ ಅಂಗಡಿಯೊಂದರಲ್ಲಿ ವಿಚಾರಿಸಿದಾಗ ಒಂದು ಸಣ್ಣ ಟ್ಯೂಬ್ ಕೊಟ್ಟರು. ನಾಲ್ಕೇ ದಿನಗಳಲ್ಲಿ ಎಲ್ಲವೂ ಮಾಯವಾಯಿತು. ಹತ್ತು ದಿನ ಹಚ್ಚಿ ಬಿಟ್ಟ ಮೇಲೆ ಮೊದಲಿಗಿಂತ ಕೆಂಪಾಗಿ ಮರಳಿ ಬಂದಿದೆ. ಎಣ್ಣೆಗೆ ಮದ್ದು ಮಾಡಿದರೆ ಒಣಗುತ್ತದೆ, ಒಣಗಿದ್ದಕ್ಕೆ ಮದ್ದು ಮಾಡಿದರೆ ಜಿಡ್ಡಾಗುತ್ತದೆ. ಎಲ್ಲಿಂದ ಆರಂಭಿಸಬೇಕೆಂದು ತಿಳಿದವರು ದಯವಿಟ್ಟು ತಿಳಿಸಿ.

ಉತ್ತರ 1: ಹಾಸನದ ಓದುಗಿ

ನನ್ನ ಮುಖವೂ ಹೀಗೆಯೇ ಇತ್ತು, ಆದುದರಿಂದ ನಿಮ್ಮ ಕಷ್ಟ ಅರ್ಥವಾಗುತ್ತದೆ. ನಾನು ಬಹಳ ತಡವಾಗಿ ತಿಳಿದುಕೊಂಡದ್ದು ಇದು: ಚರ್ಮದ ಮೇಲಿನ ಎಣ್ಣೆ ಬೇರೆ, ಚರ್ಮದೊಳಗಿನ ನೀರಿನಂಶ ಬೇರೆ. ಒಂದು ಹೆಚ್ಚಾಗಿದ್ದು ಇನ್ನೊಂದು ಕಡಿಮೆಯಾಗಿರುವುದು ಸಾಧ್ಯ. ಎಣ್ಣೆ ಗ್ರಂಥಿಗಳು ಮುಖ್ಯವಾಗಿ ಹಾರ್ಮೋನುಗಳ ಹಿಡಿತದಲ್ಲಿರುವುದರಿಂದ ಎಷ್ಟು ಬಾರಿ ತೊಳೆದರೂ ಅವು ತಮ್ಮ ಕೆಲಸ ನಿಲ್ಲಿಸುವುದಿಲ್ಲ. ಆದರೆ ಪ್ರತಿ ಬಾರಿ ಸೋಪು ಹಚ್ಚಿದಾಗ ನೀರನ್ನು ಹಿಡಿದಿಡುವ ಮೇಲ್ಪದರ ಮಾತ್ರ ಸವೆಯುತ್ತದೆ. ನಮ್ಮ ಚರ್ಮ ಸ್ವಲ್ಪ ಆಮ್ಲೀಯ, ಅದರ ಪಿಎಚ್ (ಆಮ್ಲ-ಕ್ಷಾರದ ಅಳತೆ) ಸುಮಾರು 5. ಸಾಮಾನ್ಯ ಸ್ನಾನದ ಸೋಪಿನದು 9ರಿಂದ 10, ಅಂದರೆ ಕ್ಷಾರೀಯ.

ನಾನು ಮೊದಲು ಸೋಪನ್ನು ಬಿಟ್ಟು, ನೊರೆ ಕಡಿಮೆ ಬರುವ, ಪರಿಮಳವಿಲ್ಲದ ಫೇಸ್‌ವಾಶ್‌ಗೆ ಬಂದೆ. ಅದೂ ಬೆಳಿಗ್ಗೆ ಒಮ್ಮೆ, ರಾತ್ರಿ ಒಮ್ಮೆ ಮಾತ್ರ. ನಡುವೆ ಜಿಡ್ಡೆನಿಸಿದರೆ ಹತ್ತಿಯ ಕರವಸ್ತ್ರವನ್ನು ಮೃದುವಾಗಿ ಒತ್ತಿ ತೆಗೆಯುತ್ತೇನೆ. ಚಳಿಗಾಲದಲ್ಲಿ ಹಂಡೆಯ ಸುಡುನೀರನ್ನು ತಲೆಯಿಂದ ಸುರಿದುಕೊಳ್ಳುವುದು ನಮ್ಮ ಕಡೆಯ ಅಭ್ಯಾಸ, ಅದರ ಸುಖವೇ ಬೇರೆ. ಆದರೂ ಮುಖಕ್ಕೆ ಉಗುರುಬೆಚ್ಚಗಿನ ನೀರನ್ನೇ ಬಳಸಿರಿ. ಒರೆಸಿದ ಮೇಲೆ ತೇವ ಇನ್ನೂ ಇರುವಾಗಲೇ ಗ್ಲಿಸರಿನ್ ಅಥವಾ ಸೆರಮೈಡ್ (ಚರ್ಮದ ಮೇಲ್ಪದರದಲ್ಲಿರುವಂಥ ಕೊಬ್ಬು) ಇರುವ ಜೆಲ್ ಮಾದರಿಯ ಮಾಯಿಶ್ಚರೈಸರನ್ನು ಹಚ್ಚಿದರೆ ಜಿಡ್ಡಿನ ಭಾವನೆಯೂ ಬರುವುದಿಲ್ಲ. ಕಡಲೆಹಿಟ್ಟು ಮತ್ತು ನಿಂಬೆರಸವನ್ನು ಇಂದೇ ನಿಲ್ಲಿಸಿ. ಸಿಪ್ಪೆ ಎದ್ದ ಚರ್ಮವನ್ನು ಉಜ್ಜಿದರೆ ಉರಿಯೂತ ಹೆಚ್ಚುತ್ತದೆ. ನಿಂಬೆರಸ ಹಚ್ಚಿದ ಜಾಗಕ್ಕೆ ಬಿಸಿಲು ತಗುಲಿದರೆ ಸುಟ್ಟಂಥ ಕಲೆಗಳು ಉಳಿಯುವುದೂ ಉಂಟು.

ಉತ್ತರ 2: ಚಿಕ್ಕಮಗಳೂರಿನ ಫಾರ್ಮಸಿಸ್ಟ್

ಮೇಲಿನ ಸಲಹೆ ಸರಿಯಾಗಿದೆ, ಆದರೆ ನಿಮ್ಮ ಬರಹದಲ್ಲಿ ಎರಡು ತೊಂದರೆಗಳು ಬೆರೆತಿರುವಂತೆ ತೋರುತ್ತದೆ. ಕೆನ್ನೆ ಬಿಗಿಯುವುದು ಅತಿಯಾಗಿ ತೊಳೆದುದರ ಫಲವಾಗಿರಬಹುದು. ಮೂಗಿನ ಪಕ್ಕ, ಹುಬ್ಬು, ಜೊತೆಗೆ ತಲೆಯಲ್ಲಿ ಏಳುವ ಹಳದಿ ಹೊಟ್ಟು ಮಾತ್ರ ಸೆಬೊರಿಕ್ ಡರ್ಮಟೈಟಿಸ್ ಎಂಬ ಚರ್ಮದ ಉರಿಯೂತ ಇರಬಹುದೆಂಬ ಅನುಮಾನ ಹುಟ್ಟಿಸುತ್ತದೆ. ಎಣ್ಣೆ ಹೆಚ್ಚು ಒಸರುವ ಜಾಗಗಳಲ್ಲಿಯೇ ಅದು ಕಾಣಿಸಿಕೊಳ್ಳುತ್ತದೆ. ಎಲ್ಲರ ಚರ್ಮದ ಮೇಲೂ ಇರುವ ಮಲಸೇಸಿಯಾ ಎಂಬ ಸೂಕ್ಷ್ಮ ಶಿಲೀಂಧ್ರಕ್ಕೆ ಕೆಲವರ ಚರ್ಮ ಕೆರಳುವುದೇ ಅದರ ಮೂಲವೆಂದು ತಿಳಿಯಲಾಗಿದೆ. ಅದು ಅಂಟುರೋಗವಲ್ಲ, ಕೊಳಕಿನಿಂದ ಬಂದದ್ದೂ ಅಲ್ಲ. ಚಳಿಗಾಲದಲ್ಲಿ ಮತ್ತು ಮನಸ್ಸಿನ ಒತ್ತಡದಲ್ಲಿ ಕೆರಳುವುದು ಅದರ ಸ್ವಭಾವ.

ಇದಕ್ಕೆ ವೈದ್ಯರು ಸಾಮಾನ್ಯವಾಗಿ ಶಿಲೀಂಧ್ರವನ್ನು ತಡೆಯುವ ಶೇ. 2ರ ಕೀಟೊಕೊನಜೋಲ್ ಕ್ರೀಮನ್ನು ಕೆಲವು ವಾರಗಳ ಮಟ್ಟಿಗೆ ಬರೆಯುತ್ತಾರೆ. ತಲೆಗೆ ಅದೇ ಔಷಧದ ಶಾಂಪೂವನ್ನು ವಾರಕ್ಕೆ ಎರಡು ಬಾರಿ ಹಚ್ಚಿ, ಮೂರರಿಂದ ಐದು ನಿಮಿಷ ಬಿಟ್ಟು ತೊಳೆಯುವುದು ರೂಢಿ. ತಲೆಯ ಹೊಟ್ಟನ್ನು ಹಾಗೆಯೇ ಬಿಟ್ಟು ಮುಖಕ್ಕೆ ಮಾತ್ರ ಆರೈಕೆ ಮಾಡಿಕೊಂಡರೆ ಸಾಲದು. ಇದು ಪೂರ್ತಿಯಾಗಿ ಹೋಗಿಬಿಡುವ ತೊಂದರೆಯಲ್ಲ, ಹತೋಟಿಯಲ್ಲಿಟ್ಟುಕೊಳ್ಳಬೇಕಾದುದು ಎಂಬುದನ್ನೂ ಮೊದಲೇ ಹೇಳಿಬಿಡುತ್ತೇನೆ.

ನನಗೆ ನಿಜವಾಗಿ ಆತಂಕವಾದುದು ಆ ಟ್ಯೂಬಿನ ವಿಷಯ. ನಾಲ್ಕು ದಿನಗಳಲ್ಲಿ ಮಾಯವಾಗಿ, ನಿಲ್ಲಿಸಿದ ಕೂಡಲೇ ಹೆಚ್ಚು ಕೆಂಪಾಗಿ ಮರಳುವುದು ಸ್ಟೀರಾಯ್ಡ್ (ಉರಿಯೂತವನ್ನು ಬೇಗ ಅಡಗಿಸುವ ಔಷಧ) ಇರುವ ಕ್ರೀಮಿನ ಲಕ್ಷಣ. ಡಬ್ಬಿಯ ಮೇಲೆ ಬೀಟಾಮೆಥಸೋನ್, ಕ್ಲೋಬೆಟಸೋಲ್ ಅಥವಾ ಮೊಮೆಟಸೋನ್ ಎಂದಿದೆಯೇ ನೋಡಿರಿ. ಇಂಥವನ್ನು ಮುಖಕ್ಕೆ ತಿಂಗಳುಗಟ್ಟಲೆ ಹಚ್ಚಿದವರಲ್ಲಿ ಚರ್ಮ ತೆಳುವಾಗಿ, ಸಣ್ಣ ಕೆಂಪು ರಕ್ತನಾಳಗಳು ಎದ್ದು ಕಂಡು, ಮೊಡವೆ ತುಂಬಿಕೊಳ್ಳುತ್ತದೆ. 2018ರಲ್ಲಿ ಕೇಂದ್ರ ಸರ್ಕಾರವು ಇಂಥ 14 ಸ್ಟೀರಾಯ್ಡ್ ಲೇಪನಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ನಿಯಮ ಮಾಡಿತು. ಆದರೂ ಗಿರಾಕಿ ಕೇಳಿದೊಡನೆ ಎತ್ತಿ ಕೊಡುವ ಅಭ್ಯಾಸ ಹೋಗಿಲ್ಲ. ಇದೇ ಕಸುಬಿನಲ್ಲಿರುವ ನನಗೆ ಇದು ನೋವಿನ ಸಂಗತಿ. ನೀವು ಹಚ್ಚಿದ್ದು ಹತ್ತೇ ದಿನವಾದ್ದರಿಂದ ಗಾಬರಿ ಬೇಡ, ಮತ್ತೆ ಹಚ್ಚಬೇಡಿ. ಆ ಟ್ಯೂಬನ್ನು ಎಸೆಯದೆ ಚರ್ಮರೋಗ ತಜ್ಞರಿಗೆ ತೋರಿಸಿರಿ.

ಉತ್ತರ 3: ಸಕಲೇಶಪುರದ ಓದುಗ

ನಮ್ಮ ಅಜ್ಜಿ ಚರ್ಮ ಒಡೆದರೆ ಕೊಬ್ಬರಿ ಎಣ್ಣೆಯನ್ನೇ ಹಚ್ಚುತ್ತಿದ್ದರು, ನಮಗೆಲ್ಲ ಅದರಿಂದ ಗುಣವಾಗಿದೆ. ಅಷ್ಟು ಸರಳವಾದುದನ್ನು ಇಲ್ಲಿ ಯಾರೂ ಹೇಳಿಲ್ಲವಲ್ಲ, ಏಕೆ?

ಉತ್ತರ 4: ಚಿಕ್ಕಮಗಳೂರಿನ ಫಾರ್ಮಸಿಸ್ಟ್

ಕೈಕಾಲು ಒಡೆದಾಗ ಕೊಬ್ಬರಿ ಎಣ್ಣೆ ಒಳ್ಳೆಯದೇ, ಅಜ್ಜಿಯವರ ಅನುಭವ ಸುಳ್ಳಲ್ಲ. ಆದರೆ ಮಲಸೇಸಿಯಾ ತನಗೆ ಬೇಕಾದ ಕೊಬ್ಬಿನಾಮ್ಲಗಳನ್ನು ತಾನೇ ತಯಾರಿಸಿಕೊಳ್ಳಲಾರದು. ಹೊರಗಿನಿಂದ ಪಡೆದೇ ಬದುಕುತ್ತದೆ. ನಮ್ಮ ಅಡುಗೆ ಮನೆಯ ಬಹುತೇಕ ಎಣ್ಣೆಗಳಲ್ಲಿ ಅದಕ್ಕೆ ಒಗ್ಗುವ ಕೊಬ್ಬಿನಾಮ್ಲಗಳಿವೆ. ಮೂಗಿನ ಪಕ್ಕದ ಹೊಟ್ಟಿಗೆ ಕೊಬ್ಬರಿ ಎಣ್ಣೆ ಹಚ್ಚಿದರೆ ಅದು ಅಂದಿಗೆ ಮೆತ್ತಗಾಗಿ ಕಾಣದಂತಾಗುತ್ತದೆ, ಆದರೆ ಕೆಲವರಿಗೆ ಮತ್ತೆ ಹೆಚ್ಚಾಗಿ ಏಳುತ್ತದೆ. ಆದ್ದರಿಂದ ಪ್ರಶ್ನೆ ಕೇಳಿದ ಶಿಕ್ಷಕಿಗೆ ನಾನು ಅದನ್ನು ಸೂಚಿಸಲಿಲ್ಲ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಕೃತಜ್ಞತೆಗಳು. ಟ್ಯೂಬಿನ ಡಬ್ಬಿಯನ್ನು ಹುಡುಕಿ ತೆಗೆದೆ. ಅದರ ಮೇಲೆ ಮೊಮೆಟಸೋನ್ ಎಂದೇ ಇದೆ. ಸೋಪು ಬಿಟ್ಟು ಆರು ದಿನಗಳಾದವು. ಕೆನ್ನೆಯ ಬಿಗಿತ ಸಾಕಷ್ಟು ಇಳಿದಿದೆ, ಮೂಗಿನ ಪಕ್ಕದ ಹೊಟ್ಟು ಹಾಗೆಯೇ ಇದೆ. ಬರುವ ಶನಿವಾರ ಶಾಲೆ ಅರ್ಧ ದಿನ ಮಾತ್ರ. ಮಧ್ಯಾಹ್ನ ಚಿಕ್ಕಮಗಳೂರಿಗೆ ಬಂದು ತಜ್ಞರಿಗೆ ತೋರಿಸಿ, ಅವರು ಏನು ಹೇಳಿದರೆಂದು ಇಲ್ಲಿಯೇ ಬರೆಯುತ್ತೇನೆ.