62 ಪರ್ಸೆಂಟ್, ಫಸ್ಟ್ ಕ್ಲಾಸು!

ಸಂಜಿ ಮುಂದ ದಾವಣಗೆರೆ ಜಯದೇವ ಸರ್ಕಲ್ ಹತ್ರ ಮಿರ್ಚಿ ಗಾಡಿಗೆ ನಾವು ನಾಲ್ಕೂ ಜನ ಹಾಜರ್. ರುದ್ರೇಶಿ ಡಿಗ್ರಿ ಕಾಲೇಜಿನಾಗ ಗೆಸ್ಟ್ ಲೆಕ್ಚರರ್. ಹುಡುಗರಿಗೆ ಬರವಣಿಗಿ, ಸಂಶೋಧನೆ, ಸ್ಟೇಜಿನ ಮ್ಯಾಲ ಮಾತಾಡೋದು, ಮೂರನ್ನೂ ಕಲಿಸೋ ಪೇಪರ್ ಈ ಸಲ ಅವನ ಪಾಲಿಗೆ ಬಂದೈತಿ. ಮುಖ ನೀರಾಗ ಬಿದ್ದ ಮಂಡಕ್ಕಿ ಆಗಿತ್ತು.

"ಯಾಕಲೇ ಹಿಂಗ?" ಅಂದ ತಿಪ್ಪೇಶಿ.

"ಒಬ್ಬನ ಪ್ರಾಜೆಕ್ಟ್ ತಗೊಂಡು ಕಾಪಿ ಹಿಡಿಯೋ ಸಾಫ್ಟ್‌ವೇರಿಗೆ ಹಾಕಿದೆ. 62 ಪರ್ಸೆಂಟ್ ಅಂತು. ಕರೆದು ಹೇಳಿದ್ರ, ಕಾಲಿಗೆ ಬೀಳಾಕ ಬಂದ. 'ಸರ್, ಫಸ್ಟ್ ಕ್ಲಾಸ್ ಬರ್ತೈತಿ ಅಂದ್ಕೊಂಡಿರಲಿಲ್ಲ!'"

ತಿಪ್ಪೇಶಿಗೆ ಮಿರ್ಚಿ ನೆತ್ತಿಗೇರಿತು. ನೀರು ಕುಡಿಸಿದ್ವಿ.

"ನಗಬ್ಯಾಡ್ರಿ. ಯೂನಿವರ್ಸಿಟಿಗಳ ಮ್ಯಾಲಿನ ಯುಜಿಸಿ ಐತಲ್ಲ, ಅದರ 2018ರ ನಿಯಮದಾಗ 10 ಪರ್ಸೆಂಟ್ ತನಕ ಕಾಪಿ ಮಾಫಿ. 60 ದಾಟಿದ್ರ ಪಿಎಚ್‌ಡಿ ಮಾಡೋನ ನೋಂದಣಿನೇ ರದ್ದು. ಇವ ಡಿಗ್ರಿಯವ, ಬಚಾವ್."

"ವಿಷಯ ಏನಿತ್ತೋ?"

"ಬೆಣ್ಣೆ ದೋಸೆ."

"ಥೂ! ದಾವಣಗೆರ್ಯಾಗ ಇದ್ದು ಬೆಣ್ಣೆ ದೋಸೆ ಬಗ್ಗೆ ಕದ್ದು ಬರೀತಾನಾ?"

"ನಾನೂ ಅದನ್ನೇ ಕೇಳಿದೆ. 'ಹೋಟ್ಲಿಗೆ ಹೋದ್ರ ಅದು ತಿನ್ನೋದು ಆಗ್ತೈತಿ ಸರ್, ಸಂಶೋಧನೆ ಅಂದ್ರ ನೆಟ್ಟಿನಾಗ' ಅಂದ. ಮುಚ್ಚಲೇ ಬಾಯಿ, ನಾಳೆ ಹೋಗಿ ಕಾವಲಿ ಮುಂದ ಒಂದು ತಾಸು ನಿಂದ್ರು, ಕಣ್ಣಿಗೆ ಬಿದ್ದದ್ದು ಬರಿ ಅಂತ ಕಳಿಸಿದೆ. ಹೋದ. ಸೌದಿ ಒಲಿ ಹೊಗಿಗೆ ಕಣ್ಣು ಕೆಂಪು ಮಾಡ್ಕೊಂಡು ಬಂದ. ಮೂರು ಪುಟ ಬರೆದಿದ್ದ ನೋಡ್ರಿ! ಮೊದಲ ಸಾಲೇ 'ದೋಸೆ ಹುಯ್ಯೋರು ನನಗೆ, ಆರ್ಡರ್ ಕೊಡ್ತೀಯೋ ಹಾದಿ ಬಿಡ್ತೀಯೋ ಅಂದರು' ಅಂತ. ಬೆಣ್ಣಿ ಯಾವಾಗ ಹಾಕ್ತಾರ, ಚಟ್ನಿ ಯಾಕ ಬೆಳ್ಳಗಿರ್ತೈತಿ, ಎಲ್ಲಾ ಕೇಳಿ ಬರೆದಿದ್ದ. ಅದನ್ನೂ ಸಾಫ್ಟ್‌ವೇರಿಗೆ ಹಾಕಿದೆ."

"ಎಷ್ಟು ಬಂತು?"

"ಸೊನ್ನೆ. ಈಗ ಅಳಾಕತ್ಯಾನ, ಫೇಲ್ ಆದೆ ಅಂತ."

ಗಾಡಿಯವನೂ ಮಿರ್ಚಿ ಎತ್ತೋ ಝಾರಿ ಕೈಬಿಟ್ಟು ನಕ್ಕ.

ಸ್ಟೇಜಿನ ಕಥಿ ಬ್ಯಾರೆನೇ ಅಂತ. ಸ್ಲೈಡಿನಾಗಿನ ಅಷ್ಟೂ ಅಕ್ಷರ ಗೋಡಿ ಕಡೆ ತಿರುಗಿ ಓದ್ತಾರ, ಪರೀಕ್ಷಕರಿಗೆ ಕಾಣೋದು ಬೆನ್ನು ಮಾತ್ರ. ರುದ್ರೇಶಿ ಬೆನ್ನು ನೋಡೇ ಹೆಸರು ಹೇಳೋಷ್ಟು ಪಳಗ್ಯಾನ.

ಮಲ್ಲಣ್ಣ ಮೊಳಕಾಲ್ಮೂರಿನವ. ಅಲ್ಲೀ ತನಕ ಸುಮ್ಮನಿದ್ದವ ಈಗ ಬಾಯಿ ತೆರೆದ. "ನಮ್ಮ ಬ್ರಹ್ಮಗಿರಿ ಬಂಡೆಗಲ್ಲಿನ ಶಾಸನ ತೋರಿಸಲೇ ಆ ಹುಡುಗರಿಗೆ. 1892ರಾಗ ಶಾಸನ ಹುಡುಕೋ ಬಿ.ಎಲ್. ರೈಸ್ ಸಾಹೇಬ ಹುಡುಕಿದ್ದು. ಅಶೋಕನ ಮಾತು ಕೆತ್ತಿದವ ಕಡೀಗೆ 'ಬರೆದವ ಚಪಡ' ಅಂತ ತನ್ನ ಹೆಸರೂ ಹಾಕ್ಯಾನ. 'ಲಿಪಿಕಾರ' ಅನ್ನೋದನ್ನ ಬಲದಿಂದ ಎಡಕ್ಕ ಬರೆಯೋ ಖರೋಷ್ಠಿ ಲಿಪಿಯಾಗ ಹಾಕ್ಯಾನ."

"ಸ್ಟೈಲ್ ಹೊಡದಾನ ಬಿಡು," ಅಂದ ತಿಪ್ಪೇಶಿ.

"ಹೊಡೀಲಿ! ಮಾತು ಯಾರದು, ಬರೆದವ ಯಾರು, ಎರಡೂ ಗೊತ್ತಾಗ್ತಾವ. ನಮ್ಮ ಹುಡುಗರದ್ರಾಗ ಎರಡೂ ಗೊತ್ತಾಗಲ್ಲ," ಅಂದ ರುದ್ರೇಶಿ. "ಗ್ರೂಪ್ ಪ್ರಾಜೆಕ್ಟಿನಾಗಂತೂ ಹೆಸರು ನಾಲ್ಕು, ದುಡದವ ಒಬ್ಬ."

ಅಷ್ಟೊತ್ತಿಗೆ ಗಾಡಿಯವ ಲೆಕ್ಕ ಹೇಳಿದ. ತಿಪ್ಪೇಶಿ ಫೋನ್ ಬಂತು ಅಂತ ಆಚೆ ಸರಿದ. ಮಲ್ಲಣ್ಣ ಚಪ್ಪಲಿ ಹುಡುಕಾಕತ್ತಿದ, ಕಾಲಾಗ ಹಾಕ್ಕೊಂಡೇ. ನಾನು ಆಕಾಶ ನೋಡಿದೆ.

ರುದ್ರೇಶಿ ಪರ್ಸ್ ತೆಗೆದ. "ಗ್ರೂಪ್ ಪ್ರಾಜೆಕ್ಟ್," ಅಂದ.